ಹೆಸರು ಅವರದು, ಟಿಕೆಟ್ ನಮ್ಮದು

2024ರ ಆಗಸ್ಟ್ ಕೊನೆಯ ವಾರದಲ್ಲಿ ನಮ್ಮೆಲ್ಲರ ವಾಟ್ಸ್‌ಆ್ಯಪ್‌ಗೆ ಒಂದು ಫೋಟೊ ಬಂದಿತ್ತು, ನೆನಪಿರಬಹುದು. ಪರಪ್ಪನ ಅಗ್ರಹಾರ ಜೈಲಿನೊಳಗಿನ ಬಯಲು. ನಟ ದರ್ಶನ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಒಂದು ಕೈಯಲ್ಲಿ ಕಾಫಿ ಮಗ್, ಇನ್ನೊಂದು ಕೈಯಲ್ಲಿ ಸಿಗರೇಟು. ಜೊತೆಯಲ್ಲಿ ರೌಡಿಶೀಟರ್ ವಿಲ್ಸನ್ ಗಾರ್ಡನ್ ನಾಗ. ಸಂಜೆ ಪಾರ್ಕಿನಲ್ಲಿ ಸಿಕ್ಕ ಹಳೆಯ ಗೆಳೆಯರ ಹಾಗೆ ಇಬ್ಬರೂ ಆರಾಮಾಗಿದ್ದಾರೆ.

ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ದರ್ಶನ್ ಆ ವರ್ಷದ ಜೂನ್‌ನಲ್ಲಿ ಬಂಧನಕ್ಕೊಳಗಾಗಿದ್ದರು. ಅವರು ಆರೋಪಿ, ತಪ್ಪಿತಸ್ಥರು ಯಾರು ಎಂದು ಹೇಳಬೇಕಾದದ್ದು ನ್ಯಾಯಾಲಯ, ನಾನಲ್ಲ. ಆದರೆ ಆ ಫೋಟೊ ಆದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿದೆ. ಜೈಲಿನ ಹಿರಿಯ ಅಧಿಕಾರಿಗಳೂ ಸೇರಿ ಹಲವರು ಅಮಾನತಾದರು. ದರ್ಶನ್ ಅವರನ್ನು ಬಳ್ಳಾರಿಗೆ ಕಳಿಸಿದರು, ಉಳಿದ ಆರೋಪಿಗಳನ್ನು ಬೇರೆ ಬೇರೆ ಜೈಲುಗಳಿಗೆ ಹಂಚಿದರು. ಇಬ್ಬರು ನಮ್ಮ ಶಿವಮೊಗ್ಗದ ಸೋಗಾನೆ ಜೈಲಿಗೂ ಬಂದರು. ಅದೇ ದಿನಗಳಲ್ಲಿ ದರ್ಶನ್ ನಟಿಸಿದ 2003ರ ಸಿನಿಮಾ ‘ಕರಿಯ’ ಮತ್ತೆ ತೆರೆಗೆ ಬಂತು. ಅದೂ ರೌಡಿಯ ಕಥೆಯೇ. ಜೈಲಿನೊಳಗಿನ ದೃಶ್ಯಕ್ಕೂ ತೆರೆಯ ಮೇಲಿನ ದೃಶ್ಯಕ್ಕೂ ಒಂದೇ ವಾರದಲ್ಲಿ ಶಿಳ್ಳೆ ಬಿತ್ತು.

ಸಿನಿಮಾದವರಿಗೂ ರೌಡಿಗಳಿಗೂ ಏನು ಸಂಬಂಧ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ದುಡ್ಡು’. ಮುಂಬೈ ಮಟ್ಟಿಗೆ ಅದು ಬಹುಪಾಲು ಸರಿ. ಅಲ್ಲಿ ಸಿನಿಮಾಕ್ಕೆ ಬ್ಯಾಂಕ್ ಸಾಲ ಕೊಡುತ್ತಿರಲಿಲ್ಲ, ಏಕೆಂದರೆ ಅದನ್ನು ಉದ್ಯಮ ಎಂದೇ ಸರ್ಕಾರ ಪರಿಗಣಿಸಿರಲಿಲ್ಲ. ಬ್ಯಾಂಕ್ ಬಿಟ್ಟ ಜಾಗಕ್ಕೆ ಬೇರೆಯವರು ಬಂದರು. 1997ರ ಆಗಸ್ಟ್‌ನಲ್ಲಿ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಅವರನ್ನು ದೇವಸ್ಥಾನದ ಹೊರಗೆ ಗುಂಡಿಟ್ಟು ಕೊಂದರು. 2000ದ ಜನವರಿಯಲ್ಲಿ, ಮಗನ ಮೊದಲ ಸಿನಿಮಾ ಗೆದ್ದ ಒಂದೇ ವಾರಕ್ಕೆ, ರಾಕೇಶ್ ರೋಷನ್ ಮೇಲೆ ಗುಂಡು ಹಾರಿತು. 2001ರಲ್ಲಿ ‘ಚೋರಿ ಚೋರಿ ಚುಪ್ಕೆ ಚುಪ್ಕೆ’ ಚಿತ್ರಕ್ಕೆ ಭೂಗತ ಲೋಕದ ಹಣ ಸೇರಿದೆ ಎಂಬ ಆರೋಪದಲ್ಲಿ ಫೈನಾನ್ಷಿಯರ್ ಭರತ್ ಶಾ ಬಂಧನವಾಯಿತು. ಭೂಗತರ ಸಂಪರ್ಕದ ಮಾಹಿತಿಯನ್ನು ಪೊಲೀಸರಿಂದ ಮುಚ್ಚಿಟ್ಟದ್ದಕ್ಕೆ 2003ರಲ್ಲಿ ಅವರಿಗೆ ಶಿಕ್ಷೆಯೂ ಆಯಿತು. ನಡುವೆ 1998ರಲ್ಲಿ ಕೇಂದ್ರ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಟ್ಟಿತು, ಬ್ಯಾಂಕ್ ಬಾಗಿಲು ನಿಧಾನವಾಗಿ ತೆರೆಯಿತು.

ನಮ್ಮ ಕನ್ನಡದ ಕಥೆ ಸ್ವಲ್ಪ ಬೇರೆ. ಇಲ್ಲಿ ಎದ್ದು ಕಾಣುವುದು ರೌಡಿಯ ದುಡ್ಡಿಗಿಂತ ಹೆಚ್ಚಾಗಿ ರೌಡಿಯ ಕಥೆ, ರೌಡಿಯ ಮುಖ, ರೌಡಿಯ ಹೆಸರು. 1995ರಲ್ಲಿ ಉಪೇಂದ್ರ ‘ಓಂ’ ಮಾಡಿದಾಗ ಬೆಂಗಳೂರಿನ ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಮಾಡಿದ್ದು ಯಾರದೋ ಸಣ್ಣ ಬ್ಯಾನರ್ ಅಲ್ಲ, ರಾಜ್‌ಕುಮಾರ್ ಕುಟುಂಬ. ಆ ಸಿನಿಮಾ ನೂರಾರು ಬಾರಿ ಮರುಬಿಡುಗಡೆಯಾಗಿದೆ. ನಾನು ಹುಟ್ಟುವ ಮೊದಲು ಬಂದದ್ದನ್ನು ನಾನೂ ದೊಡ್ಡ ತೆರೆಯಲ್ಲೇ ನೋಡಿದ್ದೇನೆ. ಆಮೇಲೆ 2005ರಲ್ಲಿ ‘ಡೆಡ್ಲಿ ಸೋಮ’, 2007ರಲ್ಲಿ ‘ಆ ದಿನಗಳು’, 2008ರಲ್ಲಿ ‘ಸ್ಲಂ ಬಾಲ’, 2022ರಲ್ಲಿ ‘ಹೆಡ್ ಬುಷ್’. ಪೊಲೀಸ್ ಠಾಣೆಯ ದಾಖಲೆಯಲ್ಲಿದ್ದ ಹೆಸರುಗಳು ಒಂದೊಂದಾಗಿ ಪೋಸ್ಟರಿಗೆ ಬಂದವು.

ಇದರಿಂದ ಸಿನಿಮಾದವರಿಗೆ ಏನು ಸಿಗುತ್ತದೆ ಎಂಬುದು ಸುಲಭ. ‘ನಿಜ ಘಟನೆ ಆಧಾರಿತ’ ಎಂದು ಒಂದು ಸಾಲು ಹಾಕಿದರೆ ಅರ್ಧ ಪ್ರಚಾರ ಮುಗಿಯಿತು. ರೌಡಿಗೆ ಏನು ಸಿಗುತ್ತದೆ ಎಂಬುದನ್ನು ನಾವು ಅಷ್ಟು ಯೋಚಿಸುವುದಿಲ್ಲ. ಅವನ ವ್ಯವಹಾರ ಹೇಗೆ ನಡೆಯುತ್ತದೆ ನೋಡಿ. ಹಫ್ತಾ ಎಂದರೆ ಒಂದು ಫೋನ್ ಕರೆ. ಆ ಕಡೆಯವನಿಗೆ ಹೆಸರು ಕೇಳಿದ ತಕ್ಷಣ ಕೈಕಾಲು ನಡುಗಬೇಕು. ಹೆಸರೇ ಗೊತ್ತಿಲ್ಲದಿದ್ದರೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಾನೆ. ಹಾಗಾಗಿ ಪ್ರತಿಯೊಬ್ಬ ವರ್ತಕನಿಗೂ ಹೊಡೆದೇ ತೋರಿಸಬೇಕಾದ ರೌಡಿ ಬಡ ರೌಡಿ. ಒಬ್ಬನಿಗೆ ಹೊಡೆದದ್ದು ಸಾವಿರ ಜನಕ್ಕೆ ಗೊತ್ತಾದವನು ಶ್ರೀಮಂತ. ನಮ್ಮ ಮ್ಯಾನೇಜ್‌ಮೆಂಟ್ ವಿಷಯದ ಪಾಠದಲ್ಲಿ ಇದಕ್ಕೆ ಬ್ರ್ಯಾಂಡ್ ವ್ಯಾಲ್ಯೂ ಅನ್ನುತ್ತಾರೆ. ಸೋಪಿನ ಕಂಪನಿ ಅದಕ್ಕೆ ಕೋಟಿ ಖರ್ಚು ಮಾಡುತ್ತದೆ. ರೌಡಿಗೆ ಬಿಟ್ಟಿ ಸಿಗುತ್ತದೆ.

ಉತ್ಪ್ರೇಕ್ಷೆ ಅನ್ನಿಸಿದರೆ ರವಿ ಪೂಜಾರಿಯ ಉದಾಹರಣೆ ನೋಡಿ. ಉಡುಪಿ ಜಿಲ್ಲೆಯ ಮಲ್ಪೆ ಕಡೆಯವನು; ಮುಂಬೈಗೆ ಹೋಗಿ, ಅಲ್ಲಿಂದ ವಿದೇಶಕ್ಕೆ ಹಾರಿ, ಫೋನ್‌ನಲ್ಲೇ ಬಿಲ್ಡರುಗಳನ್ನೂ ಸಿನಿಮಾದವರನ್ನೂ ಬೆದರಿಸುತ್ತಿದ್ದವನು. 2018ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಟಿಯೊಬ್ಬರ ಬ್ಯೂಟಿ ಪಾರ್ಲರ್ ಮೇಲೆ ಗುಂಡು ಹಾರಿತು. ಸತ್ತವರಿಲ್ಲ. ಆದರೆ ಸ್ವಲ್ಪ ದಿನಕ್ಕೆ ಅವನೇ ಟಿ.ವಿ. ವಾಹಿನಿಯೊಂದಕ್ಕೆ ಕರೆ ಮಾಡಿ, ಮಾಡಿಸಿದ್ದು ನಾನೇ ಎಂದ! ಯಾವ ಕಳ್ಳ ಹೀಗೆ ತಾನಾಗಿ ಒಪ್ಪಿಕೊಳ್ಳುತ್ತಾನೆ? ಆ ಗುಂಡು ಹಾರಿದ್ದೇ ಸುದ್ದಿಯಾಗಲಿ ಎಂದು; ನಟಿಯ ಪಾರ್ಲರ್ ಆದರೆ ಸುದ್ದಿ ದೊಡ್ಡದು. 2019ರಲ್ಲಿ ಸೆನೆಗಲ್ ದೇಶದಲ್ಲಿ ಸಿಕ್ಕಿಬಿದ್ದ, 2020ರ ಫೆಬ್ರುವರಿಯಲ್ಲಿ ಅವನನ್ನು ಬೆಂಗಳೂರಿಗೆ ತಂದರು.

ಇನ್ನು ಕಥೆ ಯಾರ ಬಾಯಿಂದ ಬರುತ್ತಿದೆ ಎಂಬ ಪ್ರಶ್ನೆ. ‘ಆ ದಿನಗಳು’ ಬಂದದ್ದು ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಪುಸ್ತಕದಿಂದ. 1986ರ ಕೊತ್ವಾಲ್ ರಾಮಚಂದ್ರನ ಕೊಲೆ ಅದರ ಕೇಂದ್ರ. ಬರೆದವರು ಆ ಲೋಕದೊಳಗೆ ಇದ್ದು ಬಂದವರು. ಪುಸ್ತಕ ಚೆನ್ನಾಗಿದೆ, ಸಿನಿಮಾವೂ ಚೆನ್ನಾಗಿದೆ, ಅಷ್ಟು ಹೇಳದಿದ್ದರೆ ಮೋಸವಾಗುತ್ತದೆ. ಅಲ್ಲಿ ಮಚ್ಚಿಗಿಂತ ಭಯ ಹೆಚ್ಚು ಕಾಣುತ್ತದೆ. ಆದರೂ ಒಂದು ಸಂಗತಿ ಇದೆ. ಒಳಗಿದ್ದವನು ಕಥೆ ಹೇಳಿದಾಗ ಕ್ಯಾಮೆರಾ ಅವನ ಹೆಗಲ ಮೇಲಿರುತ್ತದೆ. ಅವನು ನೋಡಿದ್ದನ್ನು ನಾವು ನೋಡುತ್ತೇವೆ, ಅವನಿಗೆ ಹೆದರಿ ಅಂಗಡಿ ಬಾಗಿಲು ಎಳೆದುಕೊಂಡವನು ನೋಡಿದ್ದನ್ನಲ್ಲ.

‘ಹೆಡ್ ಬುಷ್’ನಲ್ಲಿ ಧನಂಜಯ ಮಾಡಿದ್ದು ಎಂ.ಪಿ. ಜಯರಾಜ್ ಪಾತ್ರ. ಆ ಚಿತ್ರಕ್ಕೆ ಜಯರಾಜ್ ಕುಟುಂಬದಿಂದಲೇ ಆಕ್ಷೇಪ ಬಂದು, ದೂರು ವಾಣಿಜ್ಯ ಮಂಡಳಿವರೆಗೂ ಹೋಯಿತು. ಇರಲಿ, ಮಗನಿಗೆ ಅಪ್ಪನ ಬಗ್ಗೆ ಕೇಳುವ ಹಕ್ಕಿದೆ. ಆದರೆ 1989ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಜಯರಾಜ್ ಕೊಲೆಯಾದಾಗ ಅವನ ಜೊತೆಗಿದ್ದ ವಕೀಲರೊಬ್ಬರೂ ಸತ್ತರು. ಜಯರಾಜ್ ಯಾರು ಎಂದು ನಮ್ಮ ಕ್ಲಾಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ವಕೀಲರ ಹೆಸರು ಕೇಳಿ ನೋಡಿ.

ಇದೇ ಮಾತು ವೀರಪ್ಪನ್ ವಿಷಯದಲ್ಲಿ ಇನ್ನೂ ಸ್ಪಷ್ಟ. ಸಿನಿಮಾ ಲೋಕಕ್ಕೆ ಅಪರಾಧ ಲೋಕ ಕೊಟ್ಟ ಅತಿ ದೊಡ್ಡ ಏಟು 2000ದ ಜುಲೈ 30ರ ರಾತ್ರಿ ಗಾಜನೂರಿನಲ್ಲಿ ಬಿತ್ತು. (ಚಿಕ್ಕವನಿದ್ದಾಗ ಅದು ನಮ್ಮ ತುಂಗಾ ಅಣೆಕಟ್ಟಿನ ಗಾಜನೂರು ಅಂದುಕೊಂಡಿದ್ದೆ. ಅಲ್ಲ, ಅದು ತಮಿಳುನಾಡಿನ ಗಡಿಯ ದೊಡ್ಡ ಗಾಜನೂರು, ರಾಜ್‌ಕುಮಾರ್ ಅವರ ಊರು.) 108 ದಿನ ರಾಜ್‌ಕುಮಾರ್ ಕಾಡಿನಲ್ಲಿದ್ದರು. ಆ ದಿನಗಳಲ್ಲಿ ಚಿತ್ರಮಂದಿರಗಳು ಮುಚ್ಚಿದ್ದನ್ನೂ ಬಸ್ ನಿಂತದ್ದನ್ನೂ ನಮ್ಮ ಅಪ್ಪ ಅಮ್ಮಂದಿರು ಇವತ್ತಿಗೂ ಹೇಳುತ್ತಾರೆ. ವೀರಪ್ಪನ್ 2004ರಲ್ಲಿ ಸತ್ತ. 2013ರಲ್ಲಿ ಎ.ಎಂ.ಆರ್. ರಮೇಶ್ ನಿರ್ದೇಶನದ ‘ಅಟ್ಟಹಾಸ’ ಬರುವ ಹೊತ್ತಿಗೆ ಅವನ ಹೆಂಡತಿ ಮುತ್ತುಲಕ್ಷ್ಮಿ ಕೋರ್ಟಿಗೆ ಹೋದರು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿ, ಅವರಿಗೆ 25 ಲಕ್ಷ ರೂಪಾಯಿ ಕೊಡುವುದೆಂದಾಗಿ ಚಿತ್ರ ಬಿಡುಗಡೆಯಾಯಿತು. ಆಮೇಲೆ 2016ರಲ್ಲಿ ರಾಮ್ ಗೋಪಾಲ್ ವರ್ಮಾ ‘ಕಿಲ್ಲಿಂಗ್ ವೀರಪ್ಪನ್’ ತಂದರು. ಅದರಲ್ಲಿ ವೀರಪ್ಪನ್‌ನನ್ನು ಬೆನ್ನಟ್ಟುವ ಪೊಲೀಸ್ ಅಧಿಕಾರಿ ಶಿವರಾಜ್‌ಕುಮಾರ್! ಅಪ್ಪ ಒತ್ತೆಯಾಳು, ಮಗ ತೆರೆಯ ಮೇಲೆ ಬೇಟೆಗಾರ. ಇದನ್ನು ಕಥೆಯಾಗಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಆ 25 ಲಕ್ಷದ ಬಗ್ಗೆ ನನಗೆ ಸಿಟ್ಟಿಲ್ಲ. ಗಂಡ ಮಾಡಿದ ತಪ್ಪಿಗೆ ಹೆಂಡತಿಯ ಖಾಸಗಿ ಬದುಕನ್ನು ತೆರೆಗೆ ಎಳೆಯಬಾರದು ಎಂಬ ವಾದದಲ್ಲಿ ನ್ಯಾಯ ಇದೆ. ಆದರೆ ಅದೇ ನ್ಯಾಯ ಇನ್ನೊಂದು ಕಡೆಗೂ ಬೇಕಲ್ಲವೇ? 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆ ಎಂದು ನಂಬಿಸಿ ಕರೆಸಿ ವೀರಪ್ಪನ್ ಕೊಂದ. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಪೊಲೀಸರು ಹೊಂಚಿನಲ್ಲಿ ಸಿಕ್ಕಿ ಸತ್ತರು. ವೀರಪ್ಪನ್ ಹೆಸರಲ್ಲಿ ಎಷ್ಟು ಸಿನಿಮಾ, ಧಾರಾವಾಹಿ, ವೆಬ್ ಸರಣಿ ಬಂದಿವೆ ಎಂದು ಎಣಿಸಿ. ಇವರು ಅವುಗಳಲ್ಲಿ ಬರುತ್ತಾರೆ, ನಿಜ. ಎರಡು ದೃಶ್ಯಕ್ಕೆ ಬಂದು ಸಾಯುತ್ತಾರೆ. ಪೋಸ್ಟರ್ ಮೇಲೆ ಮೀಸೆ ಮಾತ್ರ ವೀರಪ್ಪನ್‌ನದು.

ಈಗ ಊರಿಗೆ ಬರೋಣ. ನಾನು ದಿನಾ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವವನು. ಬೆಳಗಿನ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ, ಮಾತಿಗೆ ಮಾತ್ರ ಬರವಿಲ್ಲ. ಐಪಿಎಲ್ ಸ್ಕೋರ್ ಹೇಳುವ ಹಾಗೆ ಯಾರು ಯಾರನ್ನು ಎಲ್ಲಿ ‘ಎತ್ತಿದರು’, ಯಾರ ‘ಬಾಸ್’ ಯಾರು ಎಂದು ಹೇಳುವ ಹುಡುಗರಿದ್ದಾರೆ. ಬೆಂಗಳೂರಿನ ಎಂಬತ್ತರ ದಶಕದ ಕಥೆ ಅವರಿಗೆ ಪಠ್ಯದ ಹಾಗೆ ಬಾಯಿಪಾಠ. ಅವರು ಕೆಟ್ಟ ಹುಡುಗರಲ್ಲ. ಅದೇ ಹುಡುಗ ಮುಂದಿನ ಸ್ಟಾಪಿನಲ್ಲಿ ಹತ್ತಿದ ಅಜ್ಜಿಗೆ ಸೀಟು ಬಿಟ್ಟುಕೊಡುತ್ತಾನೆ. ಆದರೆ ‘6106’ ಎಂದು ಬೈಕಿನ ಹಿಂದೆ ಸ್ಟಿಕ್ಕರ್ ಅಂಟಿಸಿಕೊಂಡವನೂ ಅವನೇ. ಅದು ಪರಪ್ಪನ ಅಗ್ರಹಾರದಲ್ಲಿ ದರ್ಶನ್ ಅವರಿಗೆ ಕೊಟ್ಟಿದ್ದ ವಿಚಾರಣಾಧೀನ ಕೈದಿಯ ಸಂಖ್ಯೆ. ರಾಜ್ಯದಲ್ಲಿ ಕೆಲವರು ಅದನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡರು, ಮಗುವಿಗೆ ಕೈದಿಯ ಬಟ್ಟೆ ತೊಡಿಸಿ ಫೋಟೊ ತೆಗೆಸಿದವರೂ ಇದ್ದರು. ತನಿಖೆ ಇನ್ನೂ ನಡೆಯುತ್ತಿದ್ದಾಗಲೇ ಆ ಸಂಖ್ಯೆಯನ್ನೂ ಕೊಲೆ ನಡೆಯಿತೆನ್ನಲಾದ ಶೆಡ್‌ನ ಹೆಸರನ್ನೂ ಸಿನಿಮಾ ಶೀರ್ಷಿಕೆಯಾಗಿ ನೋಂದಾಯಿಸಿ ಎಂದು ವಾಣಿಜ್ಯ ಮಂಡಳಿಗೆ ಬೇಡಿಕೆ ಹೋಯಿತು. ಮಂಡಳಿ ಒಪ್ಪಲಿಲ್ಲ. ಒಳ್ಳೆಯದೇ ಆಯಿತು. ಸತ್ತವನು ನಮ್ಮ ಪಕ್ಕದ ಜಿಲ್ಲೆಯ ಹುಡುಗ. ಅವನ ಕಡೆಯಿಂದ ಕಥೆ ಮಾಡುತ್ತೇನೆ ಎಂದು ಶೀರ್ಷಿಕೆ ಕೇಳಿದವರು ಯಾರೂ ಸುದ್ದಿಯಾಗಲಿಲ್ಲ.

‘ಸಿನಿಮಾ ನೋಡಿ ಯಾರಾದರೂ ರೌಡಿ ಆಗ್ತಾರಾ?’ ಎಂದು ನನ್ನ ಗೆಳೆಯರು ವಾದ ಮಾಡುತ್ತಾರೆ. ಆಗುವುದಿಲ್ಲ, ಒಪ್ಪುತ್ತೇನೆ. ಭದ್ರಾವತಿಯವನಾಗಿ ಇನ್ನೂ ಚೆನ್ನಾಗಿ ಒಪ್ಪುತ್ತೇನೆ. ನಮ್ಮ ಊರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ್ದು. ಅಜ್ಜನ ಕಾಲದಲ್ಲಿ ಅದರ ಸೈರನ್‌ಗೆ ಊರೇ ಏಳುತ್ತಿತ್ತಂತೆ. ಪಕ್ಕದ ಎಂಪಿಎಂ ಕಾಗದದ ಕಾರ್ಖಾನೆ ನಿಂತುಹೋಯಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಕೆಲಸ ಇಲ್ಲದ ಊರಿನಲ್ಲಿ ಇಪ್ಪತ್ತು ವರ್ಷದವನಿಗೆ ಬಡ್ಡಿ ವಸೂಲಿಗೆ ಬಾ, ಸೈಟ್ ಕಾಯಲು ಬಾ ಎಂದು ಯಾರಾದರೂ ಕರೆದರೆ ಅದು ಸಿನಿಮಾದ ತಪ್ಪಲ್ಲ. ಸಿನಿಮಾ ಮಾಡುವುದು ಇಷ್ಟೇ: ಆ ಕರೆ ಬಂದಾಗ ಅದು ಅವಮಾನ ಅನ್ನಿಸದ ಹಾಗೆ ಮಾಡುತ್ತದೆ. ‘ಅಣ್ಣ ಕರೆದಿದ್ದಾರೆ’ ಎಂಬ ಮಾತಿಗೆ ಹಿನ್ನೆಲೆ ಸಂಗೀತ ಕೊಡುತ್ತದೆ. ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡಿದ್ದ ದೊಡ್ಡಣ್ಣ ನಾಟಕ ಮಾಡುತ್ತಾ ಸಿನಿಮಾಕ್ಕೆ ಹೋದರು. ಆ ದಾರಿಯ ಬಗ್ಗೆ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ.

ಹಿನ್ನೆಲೆ ಸಂಗೀತ ಇಲ್ಲದ ಆವೃತ್ತಿಯೂ ನಮ್ಮಲ್ಲಿ ವರ್ಷಾ ವರ್ಷಾ ಕಾಣಸಿಗುತ್ತದೆ. ಗಣಪತಿ ಹಬ್ಬದ ಮೆರವಣಿಗೆಗೆ ಮುಂಚೆ, ಚುನಾವಣೆಗೆ ಮುಂಚೆ, ರೌಡಿಶೀಟ್ ಇರುವವರನ್ನು ಮೈದಾನಕ್ಕೆ ಕರೆಸಿ ಸಾಲಾಗಿ ನಿಲ್ಲಿಸುತ್ತಾರೆ. ಕೂದಲು ಯಾಕೆ ಹೀಗೆ, ಈಗ ಏನು ಕೆಲಸ ಮಾಡ್ತೀಯ, ಎಲ್ಲಿದ್ದೀಯ ಎಂದು ಅಧಿಕಾರಿಗಳು ಕೇಳುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮಧ್ಯವಯಸ್ಸಿನ ಹೊಟ್ಟೆಯ ಗಂಡಸರು ಬಿಸಿಲಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಾರೆ. ಎಂದೋ ಇಪ್ಪತ್ತರ ವಯಸ್ಸಿನಲ್ಲಿ ಮಾಡಿದ್ದಕ್ಕೆ ಇಂದೂ ಹಾಜರಿ ಹಾಕುತ್ತಿರುವವರು ಅದರಲ್ಲಿ ಇಲ್ಲದೆ ಇಲ್ಲ. ರೌಡಿಶೀಟ್ ಎಂದರೆ ಕೋರ್ಟಿನ ತೀರ್ಪಲ್ಲ, ಠಾಣೆಯ ದಾಖಲೆ. ಆದರೆ ತೆರೆಯುವಷ್ಟು ಸುಲಭವಾಗಿ ಅದು ಮುಚ್ಚುವುದಿಲ್ಲ. ಈ ದೃಶ್ಯವನ್ನು ಯಾವ ನಿರ್ದೇಶಕನೂ ಎರಡು ನಿಮಿಷಕ್ಕಿಂತ ಹೆಚ್ಚು ತೋರಿಸುವುದಿಲ್ಲ. ತೋರಿಸಿದರೆ ಎರಡನೇ ಭಾಗ ಮಾಡಲು ಆಗುವುದಿಲ್ಲವಲ್ಲ.

ಕೆಲಸ ಹುಡುಕುತ್ತಿರುವವರಿಗೆ ಇದು ಇನ್ನೂ ಹತ್ತಿರದ ವಿಷಯ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಿಗ್ ಬಾಸ್ ಖ್ಯಾತಿಯ ವಿನಯ್ ಗೌಡ ಮತ್ತು ರಜತ್ ಮಚ್ಚು ಹಿಡಿದು ರೀಲ್ಸ್ ಮಾಡಿ, ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧನಕ್ಕೊಳಗಾದರು. ಅದು ಫೈಬರ್ ಮಚ್ಚು ಎಂದು ಅವರು ಹೇಳಿದರು. ಅವರಿಗೆ ವಕೀಲರಿದ್ದರು, ಕ್ಯಾಮೆರಾಗಳಿದ್ದವು, ಜಾಮೀನೂ ಸಿಕ್ಕಿತು. ಶಿವಮೊಗ್ಗದ ಹಾಸ್ಟೆಲ್ ಟೆರೇಸಿನಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚು ಹಿಡಿದು ಹದಿನೈದು ಸೆಕೆಂಡಿನ ರೀಲ್ಸ್ ಮಾಡುವವನಿಗೆ ಏನಿದೆ? ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಪೊಲೀಸ್ ಪರಿಶೀಲನೆ, ಸರ್ಕಾರಿ ಕೆಲಸಕ್ಕೆ ಆಯ್ಕೆಯಾದರೆ ಪೂರ್ವಾಪರ ಪರಿಶೀಲನೆ, ಕಂಪನಿಯವರು ಕೇಳುವ ಫಾರ್ಮ್‌ನಲ್ಲಿ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ?’ ಎಂಬ ಪ್ರಶ್ನೆ. ಹೌದು ಅಥವಾ ಇಲ್ಲ, ಎರಡೇ ಚೌಕ. ನಾಲ್ಕು ವರ್ಷ ಓದಿ, ಬ್ಯಾಕ್‌ಲಾಗ್ ಎಲ್ಲ ಮುಗಿಸಿ, ಆ ಚೌಕದ ಮುಂದೆ ಪೆನ್ನು ನಿಲ್ಲುವುದು ಎಂಥ ಸ್ಥಿತಿ ಯೋಚಿಸಿ. ದುಡ್ಡಿಗಾಗಿ ರೌಡಿಸಂ ಮಾಡಿದವನಿಗೆ ದುಡ್ಡಾದರೂ ಸಿಕ್ಕಿರುತ್ತದೆ. ನಮ್ಮವನಿಗೆ ಸಿಕ್ಕಿದ್ದು ಲೈಕ್.

ಹಾಗೆಂದು ರೌಡಿ ಸಿನಿಮಾಗಳನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ‘ಓಂ’ ಕೂಡ ಕೊನೆಗೆ ಆ ದಾರಿ ಬೇಡ ಎಂದೇ ಹೇಳುತ್ತದೆ, ನಾವು ಮನೆಗೆ ತಂದುಕೊಂಡದ್ದು ಮಾತ್ರ ಮೊದಲರ್ಧ. ಮಂಗಳೂರಿನ ಕಥೆ ಹೇಳಿದ ‘ಗರುಡ ಗಮನ ವೃಷಭ ವಾಹನ’ ನೋಡಿ ಹೊರಬಂದಾಗ ಮೈ ನಡುಗಿತ್ತು, ಹೀರೊ ಆಗಬೇಕು ಅನ್ನಿಸಲಿಲ್ಲ. ಅಪರಾಧದ ಕಥೆ ಹೇಳುವುದು ತಪ್ಪಾಗಿದ್ದರೆ ಮಹಾಭಾರತವನ್ನೂ ಬಿಡಬೇಕಾಗುತ್ತದೆ. ಕಲ್ಪಿತ ರೌಡಿ ಬೇಕಾದಷ್ಟು ಬರಲಿ. ನನ್ನ ತಕರಾರು ನಿಜವಾದ ಹೆಸರಿನ ಮೇಲೆ. ನಿಜವಾದ ಒಬ್ಬ ರೌಡಿಯ ಹೆಸರನ್ನು, ಅಡ್ಡಹೆಸರನ್ನು, ಅವನ ಏರಿಯಾವನ್ನು ಹಣ ಮಾಡಲು ಬಳಸುವಾಗ ನಿರ್ಮಾಪಕರು ಅವನ ಮನೆಯವರ ಜೊತೆ ಮಾತುಕತೆಗೆ ಕೂರುತ್ತಾರೆ, ಏಕೆಂದರೆ ಕೋರ್ಟಿನ ಭಯ ಇದೆ, ಅವನ ಕಡೆಯವರ ಭಯವೂ ಇದೆ. ಅವನಿಂದ ಸತ್ತವರ ಮನೆಗೆ ಹೋಗಬೇಕೆಂಬ ನಿಯಮ ಎಲ್ಲೂ ಇಲ್ಲ. ಹೆದರಿಸಲು ಬಾರದವರ ಮನೆಗೆ ಯಾರು ತಾನೇ ಹೋಗುತ್ತಾರೆ?

ಇದಕ್ಕೆ ಹೊಸ ಕಾನೂನೇ ಬೇಕೆಂದಿಲ್ಲ. ಕೈದಿ ಸಂಖ್ಯೆಯನ್ನು ಶೀರ್ಷಿಕೆಯಾಗಿ ಕೊಡುವುದಿಲ್ಲ ಎಂದು ಹೇಳಲು ವಾಣಿಜ್ಯ ಮಂಡಳಿಗೆ ಆಗ ಧೈರ್ಯ ಬಂತಲ್ಲ, ಅದೇ ಧೈರ್ಯದಲ್ಲಿ ಇನ್ನೊಂದು ಸಾಲು ಸೇರಿಸಬಹುದು: ನಿಜವಾದ ಅಪರಾಧಿಯ ಹೆಸರಿನಲ್ಲಿ ಸಿನಿಮಾ ಮಾಡುವವರು ಅವನಿಂದ ನೊಂದ ಕುಟುಂಬದವರೊಂದಿಗೆ ಮಾತಾಡಿದ್ದಕ್ಕೆ ಒಂದು ಪತ್ರ ತರಲಿ. ಗಳಿಕೆಯಲ್ಲಿ ಪಾಲು ಕೊಡುತ್ತಾರೋ ಬಿಡುತ್ತಾರೋ ಆಮೇಲಿನ ಮಾತು. ಆ ಮನೆಯ ಬಾಗಿಲು ತಟ್ಟಿ ಬಂದ ನಿರ್ದೇಶಕ ಅದೇ ಕಥೆಯನ್ನು ಮೊದಲಿನ ಹಾಗೆ ಬರೆಯಲಾರ ಎಂಬುದು ನನ್ನ ನಂಬಿಕೆ.

ಪ್ರೇಕ್ಷಕರಾದ ನಮ್ಮ ಕೈಯಲ್ಲಿ ಇರುವುದು ಟಿಕೆಟ್ ಮತ್ತು ಶೇರ್ ಬಟನ್. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ದರ್ಶನ್ ಅವರ ಜಾಮೀನು ರದ್ದು ಮಾಡಿತು. ಅದಾದ ಮೇಲೂ ಆ ಜೈಲಿನ ಫೋಟೊಗೆ ಹಾಡು ಸೇರಿಸಿದ ರೀಲ್ಸ್ ನನ್ನ ಫೋನಿಗೆ ಬಂತು, ಕಳಿಸಿದವನು ನನ್ನ ಜೊತೆಯಲ್ಲೇ ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವವನು. ನಾನು ಅದನ್ನು ಮುಂದೆ ಕಳಿಸಲಿಲ್ಲ. ಆ ಫೋಟೊದ ಎಡಕ್ಕೆ ಬಲಕ್ಕೆ ಇರುವವರು ಯಾರು ಎಂದು ಅವನಿಗೆ ಗೊತ್ತಿತ್ತು. ಪ್ರಕರಣ ಯಾರ ಸಾವಿನದು ಎಂದು ಕೇಳಿದೆ. ‘ಅದೇ, ಯಾರೋ ಚಿತ್ರದುರ್ಗದವನು’ ಎಂದ.